ಕೊಟ್ಟಿಗೆಯ ತೊಲೆಯಲ್ಲಿ ಸಿಕ್ಕ ಮನೆಯ ಗುರುತು

ಮರದ ಚೌಕಟ್ಟಿನ ಹಳೆಯ ತೋಟದಮನೆಯೊಂದರ ಮತ್ತು ಅದಕ್ಕೆ ಸೇರಿದ ಕೊಟ್ಟಿಗೆಯ ಕಟ್ಟಡ ಚರಿತ್ರೆಯನ್ನು ದಾಖಲಿಸುವ ಕೆಲಸ ನನ್ನ ಪಾಲಿಗೆ ಬಂದಾಗ ನಾನು ಮೊದಲು ಹತ್ತಿದ್ದು ಅಟ್ಟವನ್ನು. ಗೋಡೆಗೆ ಮತ್ತೆ ಮತ್ತೆ ಗಾರೆ ಬಳಿಯುತ್ತಾರೆ, ಕಿಟಕಿ ಬದಲಿಸುತ್ತಾರೆ. ಮಾಡಿನ ಕೆಳಗಿನ ಮರವನ್ನು ಮಾತ್ರ ತೀರ ಅಗತ್ಯ ಬೀಳದೆ ಯಾರೂ ಮುಟ್ಟುವುದಿಲ್ಲ.

ಟಾರ್ಚನ್ನು ಮರದ ಮೈಗೆ ಓರೆಯಾಗಿ ಹಿಡಿದರೆ ಉಪಕರಣದ ಗುರುತುಗಳು ಎದ್ದು ಕಾಣುತ್ತವೆ. ತೊಲೆಗಳ ಮೇಲೆ ಬಾಚಿಯ ಏಟುಗಳಿದ್ದವು. ಅಡ್ಡಗೋಡೆಯೊಂದರ ಹಲಗೆಗಳಲ್ಲಿ ಕಮಾನಿನಂತೆ ಬಾಗಿದ ಗೆರೆಗಳಿದ್ದವು. ಅವು 19ನೆಯ ಶತಮಾನದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದ ದುಂಡು ಗರಗಸದವು. ಆದ್ದರಿಂದ ಆ ಗೋಡೆ ಆಮೇಲೆ ಸೇರಿದ್ದೆಂದು ಬರೆದುಕೊಂಡೆ. ಪಕಾಸಿಗಳಿಗೆಲ್ಲ ದಪ್ಪನೆಯ ಇಲ್ಲಣ ಹಿಡಿದಿತ್ತು, ಎಂದರೆ ಹೊಗೆಗೂಡು ಕಟ್ಟುವ ಮೊದಲು ಒಲೆಯ ಹೊಗೆ ನೇರವಾಗಿ ಮಾಡಿಗೇ ಏರುತ್ತಿತ್ತು. ಹೊಗೆಗೂಡಿನ ಎರಡು ಬದಿಯ ಕಂಬಗಳಲ್ಲಿ ತೊಲೆಯ ತುದಿ ಕೂರಲೆಂದು ಕೊರೆದ ಗೂಡುಗಳು ತೊಲೆಯಿಲ್ಲದೆ ಖಾಲಿ ಉಳಿದಿದ್ದವು.

ನಾನು ತಪ್ಪಿದ್ದು ಕೊಟ್ಟಿಗೆಯಲ್ಲಿ. ಅಲ್ಲಿನ ನಡುತೊಲೆಯೇ ಎಲ್ಲಕ್ಕಿಂತ ಹಳೆಯದಾಗಿ ಕಂಡದ್ದರಿಂದ ಅದರಿಂದ ಮರದ ಮಾದರಿ ತೆಗೆದು, ಬೆಳವಣಿಗೆಯ ಉಂಗುರಗಳ ಅಗಲದ ಕ್ರಮವನ್ನು ಕಾಲ ತಿಳಿದಿರುವ ಮರಗಳ ಕ್ರಮದೊಂದಿಗೆ ಹೋಲಿಸಿ ಕೊಟ್ಟಿಗೆಯ ಕಾಲವನ್ನು ನಿರ್ಧರಿಸಬಹುದೆಂದುಕೊಂಡಿದ್ದೆ. ಹತ್ತಿರದಿಂದ ನೋಡಿದಾಗ ಅದರ ಒಂದು ಮಗ್ಗುಲಿಗೆ ಮಸಿ ಹಿಡಿದಿತ್ತು. ಒಲೆಯೇ ಇಲ್ಲದ ಕಟ್ಟಡದಲ್ಲಿ ಮಸಿ ಎಲ್ಲಿಂದ ಬರಬೇಕು? ಗೂಡಿನೊಳಗೆ ಕೂರಲೆಂದು ತೊಲೆಯ ತುದಿಯನ್ನು ಕೆತ್ತಿ ಮಾಡಿದ ನಾಲಗೆಯಲ್ಲಿ ಗೂಟ ಬಡಿಯುವ ಎರಡು ತೂತುಗಳಿದ್ದರೂ ತೊಲೆ ಗೋಡೆಯ ಮೇಲೆ ಸುಮ್ಮನೆ ಕುಳಿತಿತ್ತು. ನಾಲಗೆಯ ಆಕಾರವನ್ನೂ ತೂತುಗಳನ್ನೂ ರಟ್ಟಿನಲ್ಲಿ ಕತ್ತರಿಸಿಕೊಂಡು ಮನೆಯ ಖಾಲಿ ಗೂಡಿಗೆ ಹಿಡಿದು ನೋಡಿದೆ. ರಟ್ಟು ಸರಿಯಾಗಿ ಕೂತಿತು, ತೂತುಗಳು ಮಾತ್ರ ಕಂಬದ ತೂತುಗಳಿಗಿಂತ ಎರಡು ಮೂರು ಮಿಲಿಮೀಟರ್ ತೊಲೆಯ ಕಡೆಗೆ ಸರಿದಿದ್ದವು. ಆ ಅಂತರವೇ ನನಗೆ ನಂಬಿಕೆ ತಂದಿತು: ಗೂಟ ಬಡಿದಾಗ ಎರಡು ಮರಗಳು ಒಂದನ್ನೊಂದು ಬಿಗಿಯಾಗಿ ಎಳೆದುಕೊಳ್ಳಲೆಂದು ಬಡಗಿ ಬೇಕೆಂದೇ ಹಾಗೆ ಕೊರೆಯುತ್ತಾನೆ. ಹೊಗೆಗೂಡಿಗೆ ಜಾಗ ಮಾಡಲು ಬಿಚ್ಚಿದ ಮನೆಯ ತೊಲೆಯನ್ನೇ ಕೊಟ್ಟಿಗೆಗೆ ಸಾಗಿಸಿದ್ದರು.

ಹೀಗಾಗಿ ಆ ತೊಲೆಯ ಮಾದರಿ ಹೇಳುವುದು ಮನೆಯ ಕಾಲವನ್ನು. ಕೊಟ್ಟಿಗೆಗಾಗಿ, ಮರುಬಳಕೆಯ ಗುರುತಿಲ್ಲದ, ತೊಗಟೆಯ ಅಂಚು ಇನ್ನೂ ಉಳಿದಿರುವ ಕಂಬವನ್ನೇ ಹುಡುಕಿ ಹೊಸ ಮಾದರಿ ತೆಗೆದೆ. ಹೊರಗಿನ ಬಿಳಿಮರವನ್ನು ಕೆತ್ತಿ ತೆಗೆದಿದ್ದರೆ ಮರ ಯಾವ ವರ್ಷದ ನಂತರ ಉರುಳಿತೆಂದಷ್ಟೇ ತಿಳಿಯುತ್ತದೆ. ತೊಗಟೆಯಡಿಯ ಕೊನೆಯ ಉಂಗುರವಿದ್ದರೆ ಕಡಿದ ವರ್ಷವೇ ಸಿಗುತ್ತದೆ, ಮತ್ತು ಬಡಗಿಗಳು ಹಸಿಮರವನ್ನೇ ಬಳಸುತ್ತಿದ್ದುದರಿಂದ ಕಟ್ಟಿದ ವರ್ಷವೂ ಸಾಮಾನ್ಯವಾಗಿ ಅದಕ್ಕೆ ಸಮೀಪದ್ದೇ ಆಗಿರುತ್ತದೆ.