ಬೇಸ್‌ಮೆಂಟ್ ವೈರಿಂಗ್: ಬಾಕ್ಸ್ ಹತ್ತಿರ ಕೇಬಲ್ ಅಲುಗಾಡಬಾರದು

ನ್ಯೂಜೆರ್ಸಿಯ ನಮ್ಮ ಮನೆಯ ಬೇಸ್‌ಮೆಂಟ್‌ನಲ್ಲಿ ಪ್ಲಗ್ ಪಾಯಿಂಟ್‌ಗಳ ವೈರಿಂಗ್ ನಾನೇ ಮಾಡಿದೆ. ಸ್ವಂತ ವಾಸದ ಮನೆಯಾದರೆ ಪರ್ಮಿಟ್ ತೆಗೆದುಕೊಂಡು ಮಾಲೀಕರೇ ಮಾಡಬಹುದು.

ನಮ್ಮೂರಲ್ಲಿ ಗೋಡೆ ಕೊರೆದು ಪೈಪ್ ಹೂತು, ಆಮೇಲೆ ಅದರೊಳಗೆ ವೈರ್ ಎಳೆಯುತ್ತಾರೆ ಅಲ್ವಾ? ಇಲ್ಲಿ ಮರದ ಚೌಕಟ್ಟಿನ ಟೊಳ್ಳು ಗೋಡೆ. ಪೈಪ್ ಇಲ್ಲ, ರೋಮೆಕ್ಸ್ ಕೇಬಲ್ (ಒಂದೇ ಪ್ಲಾಸ್ಟಿಕ್ ಹೊರಸಿಪ್ಪೆಯೊಳಗೆ ಎಲ್ಲ ವೈರ್‌ಗಳೂ ಇರುವ ಚಪ್ಪಟೆ ಕೇಬಲ್) ಹಾಗೇ ಹೋಗುತ್ತದೆ. ಅದನ್ನು ಹಿಡಿದಿಡೋದು ಸ್ಟೇಪಲ್ (ಮರಕ್ಕೆ ಹೊಡೆಯುವ U ಆಕಾರದ ಮೊಳೆ) ಮತ್ತು ಬಾಕ್ಸ್‌ನಲ್ಲಿ ಕೇಬಲ್ಲನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪ್ ಮಾತ್ರ. ಕೇಬಲ್ಲನ್ನು ಎಲ್ಲಾದರೂ ಜಗ್ಗಿದರೆ ಆ ಜಗ್ಗು ಪ್ಲಗ್ ಪಾಯಿಂಟ್ ಕೂರುವ ಬಾಕ್ಸ್ ಒಳಗೆ ವೈರ್ ಬಿಗಿದಿರುವ ಸ್ಕ್ರೂವರೆಗೆ ಹೋಗಲೇಬಾರದು. ಅಲ್ಲಿ ವೈರ್ ಸಡಿಲವಾದರೆ ಬಿಸಿಯಾಗಿ, ಕಿಡಿ ಹಾರಿ, ಗೋಡೆಯೊಳಗಿನ ಮರಕ್ಕೇ ಬೆಂಕಿ ಹತ್ತಬಹುದು.

ನಾನು ಹಾಕಿದ್ದರಲ್ಲಿ ಜಾಸ್ತಿ ಒಂಟಿ (ಒಂದೇ ಪ್ಲಗ್ ಪಾಯಿಂಟ್ ಹಿಡಿಯುವ) ಪ್ಲಾಸ್ಟಿಕ್ ಬಾಕ್ಸ್‌ಗಳು. ಇವುಗಳೊಳಗೆ ಕ್ಲ್ಯಾಂಪ್ ಇರುವುದಿಲ್ಲ. ಹಾಗಾಗಿ ಬಾಕ್ಸ್‌ನಿಂದ 8 ಇಂಚಿನೊಳಗೆ ಕೇಬಲ್ಲಿಗೆ ಸ್ಟೇಪಲ್ ಬೀಳಲೇಬೇಕು. ಕ್ಲ್ಯಾಂಪ್ ಇರುವ ಬಾಕ್ಸ್ ಆದರೆ 12 ಇಂಚು. ಅಲ್ಲಿಂದ ಮುಂದೆ ನಾಲ್ಕೂವರೆ ಅಡಿಗೊಂದು. ಕಬ್ಬಿಣದ ಬಾಕ್ಸ್ ಆದರೆ ತೂತಿಗೆ ಕನೆಕ್ಟರ್ (ಕೇಬಲ್ಲನ್ನು ತೂತಿನಲ್ಲಿ ಹಿಡಿದಿಡುವ ಬಿಡಿಭಾಗ) ಹಾಕದೆ ಕೇಬಲ್ ತೂರಿಸಲೇಬೇಡಿ, ತೂತಿನ ಅಂಚು ಹೊರಸಿಪ್ಪೆಯನ್ನು ಕೊಯ್ದುಬಿಡಬಹುದು.

ನಾನು ಮೊದಲು ಕೇಬಲ್ಲಿನ ಹೊರಸಿಪ್ಪೆ ಸುಲಿದು, ಆಮೇಲೆ ಬಾಕ್ಸಿಗೆ ತೂರಿಸುತ್ತೇನೆ. ಸಿಪ್ಪೆ ಬಾಕ್ಸ್ ಒಳಗೆ ಕನಿಷ್ಠ ಕಾಲು ಇಂಚು ಬಂದಿರಬೇಕು, ನಾನು ಅರ್ಧ ಇಂಚು ಬಿಡುತ್ತೇನೆ. ಅದರಾಚೆಗೆ ಕನಿಷ್ಠ 6 ಇಂಚು ಬಿಡಿ ವೈರ್. ಇಷ್ಟು ಸರಿ ಇದೆ ಅಂತ ನೋಡಿಕೊಂಡ ಮೇಲೆಯೇ ಸ್ಟೇಪಲ್.

ಸ್ಟೇಪಲ್ ಹೊಡೆಯುವಾಗ ಕೈ ಹಿಡಿತದಲ್ಲಿರಲಿ. ಕೇಬಲ್ ಮರದ ಮೇಲೆ ಚಪ್ಪಟೆಯಾಗಿ ಮಲಗಿರಬೇಕು, ಅಡ್ಡ ಅಂಚಿನ ಮೇಲೆ ನಿಂತಿರಬಾರದು. ಮೊದಲ ಏಟುಗಳು ಜೋರಾಗಿದ್ದರೂ ಪರವಾಗಿಲ್ಲ, ಕೊನೆಯವು ಮೆತ್ತಗೆ. ಸ್ಟೇಪಲ್ ಕೇಬಲ್ಲಿಗೆ ತಾಗಿದ ಕೂಡಲೇ ನಿಲ್ಲಿಸಿ, ಬೆರಳಲ್ಲಿ ಎಳೆದು ನೋಡಿ: ತಾನಾಗಿ ಜಾರಬಾರದು, ಸಿಪ್ಪೆ ಒತ್ತಿ ತಗ್ಗೂ ಬಿದ್ದಿರಬಾರದು. ತಗ್ಗು ಬಿದ್ದರೆ ಒಳಗಿನ ಇನ್ಸುಲೇಶನ್‌ಗೂ ಪೆಟ್ಟು ಬಿದ್ದಿರಬಹುದು, ಅದನ್ನು ಸುಮ್ನೆ ಬಿಡಬೇಡಿ. ಕೇಬಲ್ ಮರದ ಮುಂದಿನ ಅಂಚಿಗೆ ಒಂದೂಕಾಲು ಇಂಚಿಗಿಂತ ಹತ್ತಿರವಿದ್ದರೆ ಉಕ್ಕಿನ ನೇಲ್ ಪ್ಲೇಟ್ ಬಡಿಯಿರಿ, ಇಲ್ಲದಿದ್ದರೆ ಗೋಡೆ ಮುಚ್ಚುವ ಡ್ರೈವಾಲ್ (ಜಿಪ್ಸಮ್ ಹಲಗೆ) ಬಿಗಿಯುವ ಸ್ಕ್ರೂ ನೇರವಾಗಿ ಕೇಬಲ್ಲಿಗೇ ಇಳಿಯಬಹುದು.

ಇನ್‌ಸ್ಪೆಕ್ಟರ್ ನೋಡಿ ಒಪ್ಪುವ ತನಕ ಗೋಡೆ ಮುಚ್ಚುವ ಹಾಗಿಲ್ಲ. ಅಷ್ಟರಲ್ಲಿ ಪ್ರತಿ ಗೋಡೆಯ ಫೋಟೋ ತೆಗೆದಿಡಿ, ಅಳತೆ ಟೇಪ್ ಪಕ್ಕದಲ್ಲಿ ಇಟ್ಟು. ಮುಂದೆ ಟಿವಿ ನೇತು ಹಾಕಲು ಎಲ್ಲಿ ಡ್ರಿಲ್ ಮಾಡಬಾರದು ಅಂತ ಗೊತ್ತಾಗುತ್ತದೆ.