ಮೊದಲ ಬೈಕನ್ನು ಆಷಾಢದಲ್ಲೇ ಕೊಂಡೆ

"ಆಷಾಢದಲ್ಲಿ ಗಾಡಿ ತಗಂಡ್ರೆ ಅದು ಮನೆಗೆ ಬರ್ತದಾ, ಆಸ್ಪತ್ರೆಗೆ ಹೋಗ್ತದಾ?" ಎಂದು ಕೇಳದವರು ಯಾರೂ ಉಳಿದಿರಲಿಲ್ಲ. ಮೆಕ್ಯಾನಿಕ್ ಕೂಡ "ಒಂದು ತಿಂಗಳು ತಡ್ಕಳಿ ಮಾರಾಯ್ರೆ, ಶ್ರಾವಣ ಬರ್ಲಿ" ಎಂದಿದ್ದ. ನಾನು ಕೊಂಡದ್ದು ಹಳೇ ಗಾಡಿ, ಅದು ಬಂದು ಎರಡು ಮಳೆಗಾಲ ಕಳೆಯಿತು. ಹೆಲ್ಮೆಟ್, ರೇನ್‌ಕೋಟ್ ಎಲ್ಲ ಸೇರಿ ಖರ್ಚು 43 ಸಾವಿರದ ಆಸುಪಾಸು. ದಾರಿಯಲ್ಲಿ ನಿಂತದ್ದು ಒಂದೇ ಸಲ, ಅದೂ ಪಂಕ್ಚರ್‌ಗೆ. ಅಕ್ಕನ ಮಗನಿಗೂ ಇದೇ ಲೆಕ್ಕದಲ್ಲಿ ಇನ್ನೊಂದು ಕೊಡಿಸಿದೆ. ಈಗ ಅದೇ ಜನ ಆಷಾಢ ಯಾವಾಗ ಶುರು ಎಂದು ಪಂಚಾಂಗ ತೆಗೆಯುತ್ತಿದ್ದಾರೆ.

ನಮ್ಮ ಮಲೆನಾಡಿನ ಕಡೆ ಹಳೇ ಬೈಕಿನ ಬೆಲೆ ಅಡಿಕೆ ದುಡ್ಡಿನ ಹಿಂದೆಯೇ ಓಡುತ್ತದೆ. ಕೊಯ್ಲು ಮುಗಿದ ಮೇಲೆ, ಇಲ್ಲವೇ ಆಯುಧಪೂಜೆ ಹತ್ತಿರ ಬಂದಾಗ ಮಾರುವವನು ಹೇಳಿದ್ದೇ ರೇಟು. ಜೂನ್-ಜುಲೈ ಹಾಗಲ್ಲ. ಶಾಲೆ ಫೀಸು, ಗದ್ದೆ ನಾಟಿ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಕೂಲಿ ಎಲ್ಲ ಒಟ್ಟಿಗೆ ತಲೆ ಮೇಲೆ ಬೀಳುತ್ತದೆ. ದುಡ್ಡು ಬೇಕಾದವರು ಜಾಸ್ತಿ, ಕೊಳ್ಳುವವರು ಇಲ್ಲ. ನನ್ನ ಗಾಡಿಗೆ ಮೊದಲು ಹೇಳಿದ್ದು 35 ಸಾವಿರ, ಕೊಟ್ಟದ್ದು 28. ಈಗ ಕೊಳ್ಳುವವರಿಗೆ ಇನ್ನೊಂದು ಹಿಡಿತವೂ ಇದೆ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಹೊಸ ಬೈಕ್‌ಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಹೊಸದು ಅಗ್ಗವಾದರೆ ಹಳೆಯದೂ ಇಳಿಯಬೇಕಲ್ಲ. ಹಳೇ ಗಾಡಿ ಮಾರುವವರು ಇದನ್ನು ತಾವಾಗಿ ನೆನಪಿಸಿಕೊಳ್ಳುವುದಿಲ್ಲ, ನೀವೇ ನೆನಪಿಸಬೇಕು.

ಬೆಲೆಗಿಂತ ದೊಡ್ಡ ಲಾಭ ಮಳೆಯದ್ದು. ಬೇಸಿಗೆಯಲ್ಲಿ ಎಲ್ಲ ಗಾಡಿಯೂ ಒಳ್ಳೇ ಗಾಡಿಯೇ. ಪ್ಲಗ್ ಕ್ಯಾಪ್ ಸೀಳಿದ್ದು, ಹಾರ್ನ್ ಸ್ವಿಚ್ಚಿಗೆ ನೀರಿಳಿಯುವುದು, ಚಕ್ರದ ಬ್ರೇಕ್ ಡ್ರಮ್ಮಿಗೆ ನೀರು ನುಗ್ಗಿ ಬ್ರೇಕ್ ಸತ್ತಂತಾಗುವುದು, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರಿನ ಬಟ್ಟಲಲ್ಲಿ ನೀರು ಕೂರುವುದು ಎಲ್ಲ ಹೊರಗೆ ಬರುವುದು ಆರಿದ್ರಾ, ಪುನರ್ವಸು ಹೊಡೆಯುವಾಗಲೇ. ನಾನು ನೋಡಿದ ಏಳರಲ್ಲಿ ನಾಲ್ಕು ಗಾಡಿ ಮಳೆಯಲ್ಲಿ ಹತ್ತು ನಿಮಿಷ ಓಡಿಸಿದ ಮೇಲೇ ಪರೀಕ್ಷೆಯಲ್ಲಿ ಫೇಲಾದವು.

ಯಾವ ಗಾಡಿ ಎಂಬುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 2014ರಿಂದ 2016ರೊಳಗಿನ, 97.2 ಸಿಸಿಯ, ಕಾರ್ಬ್ಯುರೇಟರ್ ಇರುವ ಸ್ಪ್ಲೆಂಡರ್. ತೂಕ 110 ಕಿಲೋ ಆಸುಪಾಸು. ಕಲಿಯುವವನು ಹಾವಸೆ ಕಟ್ಟಿದ ಅಂಗಳದಲ್ಲಿ ಬೀಳಿಸಿದರೂ ಒಬ್ಬನೇ ಎತ್ತಬಹುದು. ಬ್ಯಾಟರಿ ಸತ್ತರೂ ಕಿಕ್ಕರ್‌ಗೆ ಏಳುತ್ತದೆ. ಬಿಡಿಭಾಗ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೇ ಹೋಗಿ ತರಬೇಕೆಂದಿಲ್ಲ, ಹೊಸನಗರ, ರಿಪ್ಪನ್‌ಪೇಟೆಯಲ್ಲೂ ಸಿಗುತ್ತದೆ. 2020ರ ಏಪ್ರಿಲ್ ನಂತರದ, ಹೊಸ ಹೊಗೆ ನಿಯಮದ ಬಿಎಸ್-6 ಗಾಡಿಗಳು ಬಹುಪಾಲು ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್‌ನವು. ಓಡಿಸಲು ಚೆನ್ನಾಗಿವೆ, ಆದರೆ ಸೆನ್ಸರ್ ಕೈಕೊಟ್ಟರೆ ಸ್ಕ್ಯಾನರ್ ಇರುವ ಕಡೆಗೇ ತಳ್ಳಿಕೊಂಡು ಹೋಗಬೇಕು. ಇದೇ ದುಡ್ಡಿಗೆ ಹಳೇ 150 ಸಿಸಿ ಸ್ಪೋರ್ಟ್ಸ್ ಗಾಡಿ ತಗೋ ಎಂದವರು ಬಹಳ. ಒಂದು ಸಲ ಬಿದ್ದರೆ ಫೈಬರ್ ಭಾಗಕ್ಕೇ ನಾಲ್ಕೈದು ಸಾವಿರ. ಡಿಸ್ಕ್ ಬೇಕೇ ಬೇಕು ಎನ್ನುವವರು ಇನ್ನೂ ಹತ್ತು ಸಾವಿರ ಸೇರಿಸಿ 125ಕ್ಕೆ ಹೋಗಲಿ. ಮಳೆಯಲ್ಲಿ ಡಿಸ್ಕ್ ಮೇಲು ಎಂಬುದನ್ನು ನಾನು ಒಪ್ಪುತ್ತೇನೆ, ಆದರೆ ನನ್ನ ಬಜೆಟ್ 45ರ ಮೇಲೆ ಏಳುತ್ತಿರಲಿಲ್ಲ.

ನೋಡುವ ಕ್ರಮ ಹೀಗಿತ್ತು. ಹಿಂದಿನ ರಾತ್ರಿಯೇ ಫೋನ್ ಮಾಡಿ "ಬೆಳಿಗ್ಗೆ ಸ್ಟಾರ್ಟ್ ಮಾಡ್ಬೇಡಿ, ನಾನು ಬಂದ ಮೇಲೆ ಮಾಡಣ" ಎಂದು ಹೇಳುವುದು. ಏಳು ಗಂಟೆಗೆ ಹೋಗಿ ಮೊದಲು ಇಂಜಿನ್ ಮೇಲೆ ಕೈ. ಬಿಸಿ ಇದ್ದರೆ ಅಲ್ಲಿಂದಲೇ ವಾಪಸ್, ಚಹಾ ಕುಡಿಯಲೂ ಕೂರಬಾರದು. ತಣ್ಣಗಿದ್ದರೆ ಕೀ ಆಫ್ ಇಟ್ಟೇ ಕಿಕ್ಕರನ್ನು ಕೈಯಿಂದ ನಿಧಾನ ಒತ್ತುವುದು. ಒಂದು ಹಂತದಲ್ಲಿ ಗಟ್ಟಿಯಾಗಿ ತಡೆಯಬೇಕು. ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿದರೆ ಕಂಪ್ರೆಷನ್ ಇಲ್ಲ, ಅಂದರೆ ಇಂಜಿನ್ ಒಳಗೆ ಒತ್ತಡ ನಿಲ್ಲುತ್ತಿಲ್ಲ. ಆಮೇಲೆ ಚೋಕ್ ಎಳೆದು ಸ್ಟಾರ್ಟ್. ಎದ್ದ ಕೂಡಲೇ ಸ್ವಲ್ಪ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್, ಅದು ಸಣ್ಣ ಖರ್ಚು. ಎಕ್ಸಲರೇಟರ್ ಕೊಟ್ಟಾಗಲೆಲ್ಲ ಬರುತ್ತಲೇ ಇದ್ದರೆ ರಿಂಗು, ಬೋರು, ಅಂದರೆ ಇಂಜಿನ್ ಬಿಚ್ಚುವ ಹಾಫ್ ಇಂಜಿನ್ ಕೆಲಸ. ಮಳೆಗಾಲದ ಬೆಳಿಗ್ಗೆ ಸೈಲೆನ್ಸರಿನಿಂದ ಬಿಳಿ ಹಬೆ ಬಂದೇ ಬರುತ್ತದೆ, ಅದಕ್ಕೆ ಹೆದರಬೇಡಿ.

ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರನ್ನು ಕೂರಿಸಿ ಮುಂದಿನ ಚಕ್ರ ಎತ್ತಿ, ಹ್ಯಾಂಡಲನ್ನು ಎರಡೇ ಬೆರಳಲ್ಲಿ ತಿರುಗಿಸಿ ನೋಡಬೇಕು. ನೇರಕ್ಕೆ ಬಂದಾಗ ಗುಳಿಯಲ್ಲಿ ಕೂತಂತೆ ಆದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ಬುಡದ ಬೇರಿಂಗ್, ಹೋಗಿದೆ. ಚೈನನ್ನು ಹಿಂದಿನ ಸ್ಪ್ರಾಕೆಟ್ಟಿನ (ಹಲ್ಲುಚಕ್ರದ) ಹಿಂಭಾಗದಲ್ಲಿ ಹಿಡಿದು ಎಳೆದಾಗ ಅರ್ಧ ಹಲ್ಲು ಕಾಣುವಷ್ಟು ಎದ್ದರೆ ಸೆಟ್ ಬದಲಿಸಬೇಕು. ಬ್ರೇಕ್ ಒತ್ತಿ ಹಿಡಿದಾಗ ಡ್ರಮ್ ಪ್ಲೇಟಿನ ಬಾಣ ಗುರುತಿನವರೆಗೆ ಬಂದರೆ ಶೂ ಮುಗಿದಿದೆ. ಹಿಂದಿನ ಚಕ್ರ ಹಿಡಿದು ಅಡ್ಡಕ್ಕೆ ಅಲುಗಿಸಿದರೆ ಅದನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಬುಷ್ಷಿನ ಜಾತಕ ತಿಳಿಯುತ್ತದೆ. ಚಾಸಿ (ಗಾಡಿಯ ಚೌಕಟ್ಟು) ಬಾಗಿದೆಯಾ ಎನ್ನುವುದಕ್ಕೆ ಒಂದು ಉದ್ದದ ದಾರ ಸಾಕು. ಹಿಂದಿನ ಟೈರಿಗೆ ಎರಡೂ ಕಡೆ ತಾಗಿಸಿ ಮುಂದಕ್ಕೆ ಎಳೆದರೆ, ಮುಂದಿನ ಟೈರಿನ ಎರಡೂ ಬದಿಗೆ ಅಂತರ ಒಂದೇ ಇರಬೇಕು. ಈ ಗಾಡಿಯಲ್ಲಿ ಎರಡೂ ಟೈರ್ ಒಂದೇ ಅಳತೆ, 2.75-18 ಆದ್ದರಿಂದ ಲೆಕ್ಕ ಸುಲಭ.

ಕಿಲೋಮೀಟರ್ ನಾನು ನೋಡಲೇ ಇಲ್ಲ. ಸ್ಪೀಡೋಮೀಟರ್ ಕೇಬಲ್ ಬಿಚ್ಚಲು ಎರಡು ನಿಮಿಷ ಸಾಕು. ಮೀಟರ್ 28 ಸಾವಿರ ತೋರಿಸುತ್ತಿದ್ದು, ಕಿಕ್ಕರ್ ರಬ್ಬರ್ ನುಣ್ಣಗಾಗಿ, ಬ್ರೇಕ್ ಪೆಡಲಿನ ಗೀರು ಅಳಿದು, ಕೀ ಹಾಕುವ ತೂತು ಸಡಿಲವಾಗಿದ್ದರೆ ನಂಬಬೇಕಾದ್ದು ಯಾವುದನ್ನು ಎಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮೂರಿನ ಗಾಡಿಗಳಿಗೆ ಬೇರೆ ಕಾಯಿಲೆಗಳೂ ಇವೆ. ಹಾಲಿನ ಡೈರಿಗೆ ಕ್ಯಾನ್ ಹೊತ್ತ ಗಾಡಿಯ ಎರಡೂ ಪಕ್ಕ ಪೇಂಟ್ ಉಜ್ಜಿಹೋಗಿರುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರ್ ಕಟ್ಟುವ ಜಾಗದಲ್ಲಿ ವೆಲ್ಡಿಂಗ್ ಗುರುತು ಕಂಡರೆ ಬಿಟ್ಟುಬಿಡಿ. ಕೆಎ-19, ಕೆಎ-20 ನಂಬರಿನವು ಘಟ್ಟದ ಕೆಳಗಿನವು. ಉಪ್ಪುಗಾಳಿ ಕುಡಿದ ಸೈಲೆನ್ಸರ್, ರಿಮ್, ಬ್ಯಾಟರಿ ಟ್ರೇ ಒಳಗಿಂದ ತಿಂದುಹೋಗಿರುತ್ತವೆ. ಸೆಂಟರ್ ಸ್ಟ್ಯಾಂಡ್ ಕಟ್ಟುವ ಜಾಗಕ್ಕೂ ಮಡ್‌ಗಾರ್ಡಿನ ಒಳಮೈಗೂ ಸ್ಕ್ರೂ ಡ್ರೈವರ್ ಚುಚ್ಚಿ ನೋಡುವುದು ನನ್ನ ಅಭ್ಯಾಸ, ಮಾರುವವನಿಗೆ ಇಷ್ಟವಾಗುವುದಿಲ್ಲ. 2019ರ ಆಗಸ್ಟಿನ ನೆರೆಯಲ್ಲಿ ಮುಳುಗಿದ ಗಾಡಿಗಳೂ ಇನ್ನೂ ಓಡುತ್ತಿವೆ. ಹೆಡ್‌ಲೈಟಿನ ಒಳಗೆ, ಏರ್ ಫಿಲ್ಟರ್ ಡಬ್ಬಿಯ ಮೂಲೆಯಲ್ಲಿ, ಟ್ಯಾಂಕಿನ ಅಡಿಯ ವೈರಿಂಗ್ ಗಂಟಿನಲ್ಲಿ ಒಣಗಿದ ಕೆಸರಿನ ಪುಡಿ ಇದ್ದರೆ ಅಂಥದ್ದು.

ಆಮೇಲೆ ಓಡಿಸಿ ನೋಡುವುದು, ಮಳೆಯಲ್ಲೇ. ಮೊದಲು ಹತ್ತು ನಿಮಿಷ ನೀರು ನಿಂತ ರಸ್ತೆ. ಡ್ರಮ್ ಬ್ರೇಕ್ ನೀರು ಕುಡಿದಾಗ ಮೊದಲ ಒತ್ತಿಗೆ ಹಿಡಿಯುವುದಿಲ್ಲ. ಎರಡು-ಮೂರು ಸಲ ಮೆಲ್ಲಗೆ ಒತ್ತಿ ಬಿಸಿ ಮಾಡಿದರೆ ಹಿಡಿಯಬೇಕು. ಹಿಡಿಯದಿದ್ದರೆ ಶೂ ಕನ್ನಡಿಯಂತೆ ನುಣುಪಾಗಿದೆ. ನಂತರ ಏರು: ಇಬ್ಬರು ಕೂತು ಎರಡನೇ ಗೇರಿನಲ್ಲಿ ಹತ್ತುವಾಗ ಇಂಜಿನ್ ಕೂಗಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್. ಇಳಿಯುವಾಗಲೂ ಅದೇ ಗೇರು. ನ್ಯೂಟ್ರಲ್ ಮಾಡಿ ಇಳಿಸಿ "ಮೈಲೇಜ್ ನೋಡಿ" ಎನ್ನುವ ಮಾರಾಟಗಾರ ಸಿಕ್ಕಿದ್ದ, ಅವನ ಗಾಡಿಯ ಬ್ರೇಕ್ ಬಿಸಿಯಾಗಿ ವಾಸನೆ ಬರುತ್ತಿತ್ತು.

ದುಡ್ಡಿನ ಲೆಕ್ಕವನ್ನು ನೆನಪಿನಿಂದ ಹೇಳುತ್ತೇನೆ, ನೂರಿನ್ನೂರು ಆಚೀಚೆ. ಬಜೆಟ್ಟಿನ ಮೂರನೇ ಎರಡು ಭಾಗ ಮಾತ್ರ ಗಾಡಿಗೆ, ಉಳಿದದ್ದು ಅದನ್ನು ಸರಿ ಮಾಡಲು ಎಂಬುದು ನನ್ನ ಹಟ. ಇದಕ್ಕೂ ನಕ್ಕರು. ಟೈರು ಎರಡು, ಟ್ಯೂಬ್ ಸಮೇತ 3,100. ಚೈನ್ ಸೆಟ್ 1,100. ಕೋನ್ ಸೆಟ್ ಕೂಲಿ ಸೇರಿ 800. ಫೋರ್ಕ್ ಆಯಿಲ್ ಸೀಲ್, ಆಯಿಲ್, ಕೂಲಿ 600. ಬ್ರೇಕ್ ಶೂ ಎರಡೂ ಕಡೆಗೆ 450, ವೀಲ್ ಬೇರಿಂಗ್ 400, ಕೇಬಲ್ ಮೂರಕ್ಕೆ 500, ಬ್ಯಾಟರಿ 900, ಆಯಿಲ್-ಪ್ಲಗ್-ಫಿಲ್ಟರ್ 650. ಉಳಿದ ಕೂಲಿ ಸಾವಿರ. ಹತ್ತಿರ ಹತ್ತಿರ ಒಂಬತ್ತೂವರೆ. ಇನ್ಶೂರೆನ್ಸ್, ವರ್ಗಾವಣೆ, ನಂಬರ್ ಪ್ಲೇಟ್, ಹೊಗೆ ತಪಾಸಣೆಗೆ 2,700. ಐಎಸ್‌ಐ ಹೆಲ್ಮೆಟ್ 1,500, ರೇನ್‌ಕೋಟ್ 1,300.

ಇದರಲ್ಲಿ ಎರಡು ಕಡೆ ಮೂರ್ಖನಾದೆ. ಮೊದಲ ಚೈನ್ ಸೆಟ್ 550ಕ್ಕೆ ಸಿಕ್ಕಿತೆಂದು ಕಂಪನಿಯದ್ದಲ್ಲದ್ದನ್ನು ಹಾಕಿಸಿದ್ದೆ. ಎರಡೇ ತಿಂಗಳಿಗೆ ಹಿಗ್ಗಿ ಕಟಕಟ ಎನ್ನಲು ಶುರು. ಅದು ಮೇಲಿನ ಲೆಕ್ಕಕ್ಕೆ ಸೇರಿಲ್ಲ, ಸೇರಿಸಲು ನಾಚಿಕೆ. ತಪ್ಪು ಚೈನಿನದ್ದೊಂದೇ ಅಲ್ಲ. ಮಳೆ ಎಂದು ಗಟ್ಟಿ ಗ್ರೀಸ್ ಮೆತ್ತಿದ್ದೆ, ಜಂಬಿಟ್ಟಿಗೆ ಮಣ್ಣು ಅದಕ್ಕೆ ಅಂಟಿ ಉಪ್ಪುಕಾಗದದ ಹಾಗೆ ಹಲ್ಲು ತಿಂದಿತು. ಈಗ ವಾರಕ್ಕೊಮ್ಮೆ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, 90 ನಂಬರಿನ ಗೇರ್ ಆಯಿಲ್ ಹನಿಸಿ, ಹೆಚ್ಚಿನದ್ದನ್ನು ಒರೆಸಿಬಿಡುತ್ತೇನೆ. ಚೈನಿನ ಸಡಿಲ ಒಂದು ಇಂಚಿನ ಆಸುಪಾಸು. ಎರಡನೆಯದು ಏರ್ ಫಿಲ್ಟರ್ ಡಬ್ಬಿಗೆ ನೀರು ಬಾರದಿರಲೆಂದು ಬಾಯಿಗೆ ಟೇಪ್ ಸುತ್ತಿದ್ದು. ಗಾಳಿ ಸಾಲದೆ ಗಾಡಿ ಮುಗ್ಗರಿಸತೊಡಗಿತು, ಪ್ಲಗ್ ಕಪ್ಪಾಯಿತು, ಒಂದು ವಾರ ಕಾರ್ಬ್ಯುರೇಟರಿಗೆ ಬೈದೆ.

ಪ್ರಯೋಗಗಳೂ ನಡೆದವು. ಮುಂದಿನ ಸ್ಪ್ರಾಕೆಟ್ 14 ಹಲ್ಲಿನದ್ದು ತೆಗೆದು 13 ಹಾಕಿದೆ. ಹುಲಿಕಲ್ ಘಾಟಿಯಲ್ಲಿ ಹಿಂದೆ ಆಳು ಕೂತಿದ್ದರೂ ಎರಡನೇ ಗೇರಿನಲ್ಲೇ ಸುಮಾರು ತಿರುವು ಹತ್ತಿತು, ಹೆಮ್ಮೆಯೂ ಆಯಿತು. ಆದರೆ ಭದ್ರಾವತಿ ರಸ್ತೆಯಲ್ಲಿ 60ಕ್ಕೇ ಅರಚಾಟ, ಮೈಲೇಜ್ 62ರಿಂದ 55ಕ್ಕೆ. ವಾಪಸ್ 14. ಹಿಂದಿನ ಟೈರ್ 3.00-18 ಮಾಡಿದ್ದು ಮಾತ್ರ ಉಳಿಯಿತು. ಹಸಿ ಎಲೆ ಬಿದ್ದ ತೋಟದ ದಾರಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಗಾಳಿ ಒಬ್ಬನೇ ಇದ್ದಾಗ ಮುಂದೆ 25, ಹಿಂದೆ 28. ಎಲ್‌ಇಡಿ ಬಲ್ಬ್ ಹಾಕಿದ್ದು ದಂಡ. ಹಳೇ ಗಾಡಿಗಳ ಹೆಡ್‌ಲೈಟಿಗೆ ಕರೆಂಟ್ ಬ್ಯಾಟರಿಯಿಂದಲ್ಲದೆ ನೇರ ಇಂಜಿನ್ನಿನ ಮ್ಯಾಗ್ನೆಟ್ಟಿನಿಂದ ಬರುವುದರಿಂದ ಮಿಣಮಿಣ ಮಿನುಗಿತು. ಆಗುಂಬೆಯ ಮಂಜಿನಲ್ಲಿ ಆ ಬಿಳಿ ಬೆಳಕು ಗೋಡೆಗೆ ಬಿದ್ದಂತೆ ಕಣ್ಣಿಗೇ ವಾಪಸ್ ಬಂತು. ಹಳದಿ ಬಲ್ಬೇ ಗತಿ.

ಪೆಟ್ರೋಲಿನಲ್ಲಿ ಎಥನಾಲ್ ಸೇರಿದ ಮೇಲೆ ಮಳೆಗಾಲದಲ್ಲಿ ಟ್ಯಾಂಕ್ ಅರ್ಧ ಖಾಲಿ ಇಟ್ಟು ವಾರಗಟ್ಟಲೆ ನಿಲ್ಲಿಸಬಾರದು, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಕಾರ್ಬ್ಯುರೇಟರ್ ಬಟ್ಟಲಿನ ಅಡಿಯ ಸ್ಕ್ರೂ ಸಡಿಲಿಸಿ ಒಂದಿಷ್ಟು ಪೆಟ್ರೋಲನ್ನು ಒಳಗೆ ಕಾಣುವ ಬಾಟಲಿಗೆ ಇಳಿಸಿ ನೋಡುತ್ತೇನೆ. ನೀರು ಸೇರಿದ್ದರೆ ತಳದಲ್ಲಿ ಗುಳ್ಳೆಯಾಗಿ ಬೇರೆ ಕೂರುತ್ತದೆ. ಪ್ಲಗ್ ಕ್ಯಾಪಿಗೆ ನೀರು ಹೋಗದಿರಲು ಏನು ಹಾಕುತ್ತೇನೆ ಎಂಬುದನ್ನು ಮೆಕ್ಯಾನಿಕ್ಕಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಚೌಕಾಸಿಯಲ್ಲಿ ಬೆಲೆಯನ್ನು 31 ಸಾವಿರದಿಂದ 28ಕ್ಕೆ ಇಳಿಸಿದ ಕೊನೆಯ ಮಾತೂ ಅಷ್ಟೇ. ಇನ್ನೂ ಒಂದೆರಡು ಗಾಡಿ ಕೊಡಿಸುವುದಿದೆ.

ಕಾಗದದ ವಿಷಯದಲ್ಲಿ ಅವಸರ ಬೇಡ. ಆರ್‌ಸಿಯ 15 ವರ್ಷದಲ್ಲಿ ಕನಿಷ್ಠ ನಾಲ್ಕೈದು ಉಳಿದಿರಲಿ. ಇಂಜಿನ್ ನಂಬರ್, ಹ್ಯಾಂಡಲ್ ಬುಡದ ಚಾಸಿ ನಂಬರ್ ಎರಡನ್ನೂ ಬೆರಳಿಟ್ಟು ಓದಿ. ಆರ್‌ಸಿಯಲ್ಲಿ ಸಾಲದ ಕಂಪನಿಯ ಹೆಸರಿದ್ದರೆ, ಸಾಲ ತೀರಿದೆ ಎಂಬ ಬಾಯಿಮಾತಿಗೆ ಬೆಲೆಯಿಲ್ಲ. ಸಾಲ ತೀರಿದ್ದಕ್ಕೆ ಕಂಪನಿ ಕೊಡುವ ಫಾರಂ 35 ಮತ್ತು ಅವರ ಎನ್‌ಒಸಿ ಕೈಗೆ ಬರುವವರೆಗೆ ಮುಂಗಡ ಸಾವಿರದ ಮೇಲೆ ಕೊಡಬೇಡಿ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಆದ ದಿನವೇ ಇನ್ಶೂರೆನ್ಸ್ ಹೆಸರು ಬದಲಿಗೂ ಹಾಕಿ, ಅದಕ್ಕಿರುವುದು 14 ದಿನ. ಕೆಎ-15 ಗಾಡಿಯನ್ನು ಸಾಗರದವರಿಂದ ಕೊಂಡ ಅಕ್ಕನ ಮಗ ಇದನ್ನು "ನಾಳೆ ಮಾಡಣ ಮಾವ" ಎಂದು ತಳ್ಳುತ್ತಿದ್ದ. ಹನ್ನೆರಡನೇ ದಿನ ಎಳೆದುಕೊಂಡು ಹೋಗಿ ಮಾಡಿಸಿದೆ. ಅವನ ಗಾಡಿಗೆ ಆಯುಧಪೂಜೆ ವಾರದಲ್ಲಿ 37 ಸಾವಿರಕ್ಕೆ ಗಿರಾಕಿ ಬಂದಿತ್ತು. ಕೊಡಲಿಲ್ಲ.