ಮಳೆ ಹಿಡಿಯುವ ಮುನ್ನ ಬ್ಯಾಟರಿ ನೋಡಿಕೊಳ್ಳಿ

ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಎಲ್ಲೋ ಒಂದು ಮರ ತಂತಿಯ ಮೇಲೆ ಬೀಳುತ್ತದೆ. ಹೋದ ಕರೆಂಟ್ ಸಂಜೆಗೆ ಬಂದೀತೋ, ಮೂರು ದಿನ ಕಳೆದೀತೋ ಹೇಳುವಂತಿಲ್ಲ. ಮೇ ತಿಂಗಳಲ್ಲಿ ಸೌದೆ ಒಳಗೆ ಸೇರಿಸುವಾಗಲೇ ಮನೆಯ ಬ್ಯಾಟರಿಗಳತ್ತಲೂ ಒಮ್ಮೆ ಕಣ್ಣು ಹಾಯಿಸಿ.

ಮೊದಲು ಟಾರ್ಚ್. ಸೆಲ್ ತೆಗೆದು ಒಳಗಿನ ಸ್ಪ್ರಿಂಗ್ ನೋಡಿ. ಬಿಳಿ ಪುಡಿ ಕಟ್ಟಿದ್ದರೆ ಸೆಲ್ ಸೋರಿದೆ. ಅಲ್ಕಲೈನ್ ಆಗಿದ್ದರೆ ಹತ್ತಿಗೆ ಎರಡು ಹನಿ ವಿನೆಗರ್ ಹಾಕಿ ಒರೆಸಿ, ಒಣಗಿಸಿ. (ನಮ್ಮ ಅಡುಗೆಯ ಹುಳಿ ಕಾಚಂಪುಳಿ ಪಂದಿಕರಿಗೇ ಇರಲಿ.) ಹೊಸ ಸೆಲ್ ಜತೆ ಹಳೆಯದನ್ನು ಸೇರಿಸಬೇಡಿ, ಬಲವಿಲ್ಲದ್ದು ಬೇಗ ಬರಿದಾಗಿ ಸೋರುತ್ತದೆ. ಗೋಡೆ ಗಡಿಯಾರಕ್ಕೆ ಅಗ್ಗದ ಜಿಂಕ್ ಕಾರ್ಬನ್ ಸೆಲ್ ಧಾರಾಳ ಸಾಕು. ಟಾರ್ಚಿಗೆ ಮಾತ್ರ ಅಲ್ಕಲೈನ್ ಹಾಕಿ.

ಆನೆ ಕಾಯಲು ತೋಟಕ್ಕೆ ಹೋಗುವವರ ತಲೆದೀಪದಲ್ಲಿ ಹೆಚ್ಚಾಗಿ ಇರುವುದು 3.7 ವೋಲ್ಟಿನ ಲಿಥಿಯಂ ಸೆಲ್. ಮೇಲೆ 18650 ಎಂದಿದ್ದರೆ ಅದು ಅಳತೆ: 18 ಮಿಲಿಮೀಟರ್ ದಪ್ಪ, 65 ಉದ್ದ. ನೆನೆದ ದೀಪವನ್ನು ಒಲೆಯ ಪಕ್ಕ ಒಣಗಲು ಇಡುವವರಿದ್ದಾರೆ. ದಯವಿಟ್ಟು ಬೇಡ, ಬಿಸಿಗೆ ಲಿಥಿಯಂ ಹೊತ್ತಿಕೊಳ್ಳಬಹುದು. ಉಬ್ಬಿದ್ದನ್ನಂತೂ ಚಾರ್ಜಿಗೆ ಹಾಕಲೇಬೇಡಿ.

ಕಾರಿನ ರಿಮೋಟಿನ ಗುಂಡಿ ಸೆಲ್ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಕಾಯದೆ ಆಸ್ಪತ್ರೆಗೆ ಓಡಿ.

ಹೆಚ್ಚು ಆರೈಕೆ ಬೇಡುವುದು ಇನ್ವರ್ಟರಿನ ಸೀಸ-ಆಮ್ಲ ಬ್ಯಾಟರಿ. ಇನ್ವರ್ಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಕೈಗವಸು ಹಾಕಿಕೊಳ್ಳಿ. ಕಿಟಕಿ ತೆರೆದಿರಲಿ, ಚಾರ್ಜಾಗುವಾಗ ಹೈಡ್ರೋಜನ್ ಬರುವುದರಿಂದ ಹತ್ತಿರ ಊದುಬತ್ತಿಯೂ ಬೇಡ. ಮೊದಲು ಮೈನಸ್ ತಂತಿ, ಆಮೇಲೆ ಪ್ಲಸ್ ಬಿಚ್ಚಿ. ತುದಿಯಲ್ಲಿ ಕಟ್ಟಿದ ಹಸಿರು-ಬಿಳಿ ಪುಡಿಯನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಜೋಡಿಸುವಾಗ ಪ್ಲಸ್ ಮೊದಲು. ಬಿಗಿ ಮಾಡಿ ಮೇಲೆ ವ್ಯಾಸಲೀನ್ ಸವರಿ.

ಬ್ಯಾಟರಿಯ ನೀರಿನ ಮಟ್ಟ ತೋರಿಸುವ ತೇಲುಬುರುಡೆ ಕೆಂಪು ಗೆರೆಗೆ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ, ಹಸಿರು ಗೆರೆ ದಾಟಿಸಬೇಡಿ. ಸೂರಿನಿಂದ ಬೇಕಾದಷ್ಟು ನೀರು ಸುರಿಯುತ್ತಿದೆಯಲ್ಲ ಎನ್ನಬೇಡಿ, ಹೆಂಚಿನ ಕೊಳೆಯೂ ಅದರೊಟ್ಟಿಗೆ ಇಳಿದಿರುತ್ತದೆ.

12 ವೋಲ್ಟ್, 150 ಆ್ಯಂಪಿಯರ್-ಅವರ್ ಎಂದರೆ ಲೆಕ್ಕಕ್ಕೆ 1,800 ವಾಟ್-ಅವರ್. ಹೊಸ ಬ್ಯಾಟರಿ 100 ವಾಟ್ ಬೆಳಕು-ಫ್ಯಾನಿಗೆ ಹತ್ತು ಗಂಟೆ ಮೋಸವಿಲ್ಲ. ಮಿಕ್ಸಿ ಹಾಕಿದರೆ ಆ ಲೆಕ್ಕ ಬುಡಮೇಲು. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಒರಳಿಗೇ ಕೆಲಸ ಕೊಡಿ. ಪೂರ್ತಿ ಬರಿದಾದದ್ದನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಅದು ಮತ್ತೆ ಏಳುವುದು ಕಷ್ಟ.

ಸತ್ತ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಒಯ್ಯಿರಿ. ಒಳಗಿನ ಸೀಸಕ್ಕೆ ಬೆಲೆಯಿದೆ, ಬಿಲ್ಲಿನಲ್ಲಿ ಕಳೆಯಲು ಹೇಳಿ.